ವ್ರತವೂ ಕ್ಷಮೆಯೂ

ತನ್ನ ಪ್ರಾಣವನ್ನು ಪಣವಾಗಿಡುವ ಅಧಿಕಾರ ಮನುಷ್ಯನಿಗೆ ಉಂಟೆಂದು ಎಲ್ಲರೂ ಒಪ್ಪುತ್ತಾರೆ. ಆದರೆ ತಾನು ಕೈಗೊಂಡ ವ್ರತಕ್ಕಾಗಿ ಇನ್ನೊಬ್ಬರ ಪ್ರಾಣವನ್ನು, ಅದರಲ್ಲಿಯೂ ಹೆತ್ತ ತಾಯಿಯ ಪ್ರಾಣವನ್ನು ಪಣಕ್ಕೆ ಒಡ್ಡಬಹುದೆ? ಗ್ರಂಥಗಳ ನಡುವೆ ಕುಳಿತು ನಾವು ಚರ್ಚಿಸುವ ಈ ಪ್ರಶ್ನೆಯನ್ನು ಸೆರೆಮನೆಯಲ್ಲಿ ಎದುರಿಸಬೇಕಾಗಿ ಬಂದವಳು ಹನ್ನಾ ಸೆನೆಶ್.

ಆಕೆ 1921ರಲ್ಲಿ ಹಂಗೇರಿಯ ಬುಡಾಪೆಸ್ಟ್ ನಗರದ ಯೆಹೂದಿ ಮನೆತನದಲ್ಲಿ ಜನಿಸಿದಳು. ನಾಟಕಕಾರನಾಗಿದ್ದ ತಂದೆ ಬೇಲಾ ಆಕೆಯ ಆರನೆಯ ವಯಸ್ಸಿನಲ್ಲಿಯೇ ತೀರಿಕೊಂಡನು. ತಾಯಿ ಕತಾಲಿನ್ ಇಬ್ಬರು ಮಕ್ಕಳನ್ನು ಸಾಕಿದಳು. ಶಾಲೆಯ ಸಾಹಿತ್ಯ ಸಂಘದಲ್ಲಿ ದೊರೆತ ಸ್ಥಾನ ಯೆಹೂದಿಯೆಂಬ ಕಾರಣಕ್ಕೆ ಹನ್ನಾಳ ಕೈತಪ್ಪಿತು. 1939ರಲ್ಲಿ ಪ್ಯಾಲೆಸ್ತೀನಿಗೆ ತೆರಳಿದ ಆಕೆ ನಹಲಾಲದ ಕೃಷಿ ಶಾಲೆಯಲ್ಲಿ ಕಲಿತು, ಬಳಿಕ ಕಡಲತಡಿಯ ಸಾಮೂಹಿಕ ನೆಲೆಯೊಂದರಲ್ಲಿ ದುಡಿದಳು. ಬಿಡುವಿನಲ್ಲಿ ಕವಿತೆ ಬರೆದಳು. ಯುರೋಪಿನಲ್ಲಿ ತನ್ನ ಜನರ ಸಂಹಾರ ನಡೆದಿರಲು ಬ್ರಿಟಿಷ್ ಸೇನೆಯನ್ನು ಸೇರಿ ಪ್ಯಾರಾಚೂಟ್ ತರಬೇತಿ ಪಡೆದಳು.

1944ರ ಮಾರ್ಚಿಯಲ್ಲಿ ಆಕೆ ಯುಗೊಸ್ಲಾವಿಯದ ನೆಲಕ್ಕೆ ಇಳಿದ ಕೆಲವೇ ದಿನಗಳಲ್ಲಿ ಜರ್ಮನ್ ಸೇನೆ ಹಂಗೇರಿಯನ್ನು ಆಕ್ರಮಿಸಿತು. ಮೇ ತಿಂಗಳ ನಡುವಿನಿಂದ ಜುಲೈ ಮೊದಲ ಭಾಗದವರೆಗೆ ಅಲ್ಲಿಂದ ನಾಲ್ಕು ಲಕ್ಷಕ್ಕೂ ಹೆಚ್ಚು ಯೆಹೂದಿಗಳನ್ನು ರೈಲುಗಳಲ್ಲಿ ತುಂಬಿ ಸಾಗಿಸಲಾಯಿತು. ಬಹುಪಾಲು ಜನರು ಹೋದದ್ದು ಆಷ್ವಿಟ್ಸ್‌ಗೆ. ಜೂನ್ ತಿಂಗಳಲ್ಲಿ ಹನ್ನಾ ಗಡಿಯನ್ನು ದಾಟಿದಳು, ದಾಟಿದೊಡನೆಯೇ ಸೆರೆಯಾದಳು. ಆಕೆಯ ನಿಸ್ತಂತು ಪ್ರೇಷಕ ಶತ್ರುಗಳಿಗೆ ದೊರೆಯಿತು. ಅದರ ಗುಪ್ತ ಸಂಕೇತ ದೊರೆಯಲಿಲ್ಲ. ಚಿತ್ರಹಿಂಸೆ ವಿಫಲವಾದಾಗ, ಮಗಳು ದೂರದೇಶದಲ್ಲಿ ಕ್ಷೇಮವಾಗಿರುವಳೆಂದು ನಂಬಿದ್ದ ತಾಯಿಯನ್ನು ಎದುರಿಗೆ ತಂದು ನಿಲ್ಲಿಸಿದರು. ಹೇಳದಿದ್ದರೆ ತಾಯಿಯನ್ನು ಕೊಲ್ಲುವೆವೆಂದು ಬೆದರಿಸಿದರು. ಹನ್ನಾ ಹೇಳಲಿಲ್ಲ.

ಬೆದರಿಕೆ ನಡೆಯಲಿಲ್ಲ, ತಾಯಿ ಬದುಕಿ ಉಳಿದಳು. ಆದರೆ ಇದರಿಂದ ಪ್ರಶ್ನೆಗೆ ಉತ್ತರ ದೊರೆಯದು. ಮೌನ ತಾಳಿದ ಕ್ಷಣದಲ್ಲಿ ಮಗಳಿಗೆ ಅದು ತಿಳಿದಿರಲಿಲ್ಲ. ಕೊಲ್ಲುವವನ ಪಾಪ ಕೊಲ್ಲುವವನದೇ ಎಂಬ ಮಾತು ಸತ್ಯ. ಸಂಕೇತ ಶತ್ರುವಿನ ವಶವಾದರೆ ಸುಳ್ಳು ಸಂದೇಶಕ್ಕೆ ಮೋಸಹೋಗಿ ಸಾಯುವವರಿಗೂ ತಾಯಂದಿರಿರುವರು ಎಂಬುದೂ ಸತ್ಯ. ಆದರೂ ವ್ರತ ಮಗಳದು. ತಾಯಿ ಅದನ್ನು ಕೈಗೊಂಡಿರಲಿಲ್ಲ. ಆ ಕೊರತೆಯನ್ನು ಯಾವ ತರ್ಕವೂ ತುಂಬಲಾರದು. ಹನ್ನಾ ಅಂದು ಬಾಯಿ ಬಿಟ್ಟಿದ್ದರೆ ಆಕೆಯನ್ನು ನಿಂದಿಸುವ ಯೋಗ್ಯತೆ ನಮ್ಮಲ್ಲಿ ಯಾರಿಗಿದೆ?

ಆಕೆಗೆ ಇದು ನಮಗಿಂತ ಚೆನ್ನಾಗಿ ತಿಳಿದಿತ್ತು. ತಾಯಿಯನ್ನು ಕಂಡೊಡನೆ ಓಡಿಬಂದು ತಬ್ಬಿಕೊಂಡು ಅತ್ತಳು, ಕ್ಷಮಿಸೆಂದು ಬೇಡಿದಳು. ಅದೇ ಹನ್ನಾ, ಮರಣದಂಡನೆಯ ಹೊತ್ತಿಗೆ ಅಧಿಕಾರಿಗಳಲ್ಲಿ ಕ್ಷಮಾದಾನ ಬೇಡಲು ಒಪ್ಪಲಿಲ್ಲ. 1944ರ ನವೆಂಬರ್ 7ರಂದು ಆಕೆಯನ್ನು ಗುಂಡಿಕ್ಕಿ ಕೊಂದರು. ಆಗ ಆಕೆಗೆ 23 ವರ್ಷ. ಮೂರು ತಿಂಗಳು ಕಳೆಯುವುದರೊಳಗೆ ಪೆಸ್ಟ್ ಭಾಗ ಜರ್ಮನರ ಕೈಬಿಟ್ಟಿತು.

ಕರ್ತವ್ಯವನ್ನು ಪಾಲಿಸಿದವರು, ಅದರಿಂದ ನೊಂದವರ ಮುಂದೆಯೂ ತಲೆಯೆತ್ತಿ ನಿಲ್ಲಬೇಕೆಂದು ನಾವು ಭಾವಿಸುತ್ತೇವೆ. ಹನ್ನಾ ಹಾಗೆ ನಿಲ್ಲಲಿಲ್ಲ. ಎಲ್ಲಿ ತಲೆ ಬಾಗಬೇಕು, ಎಲ್ಲಿ ಬಾಗಬಾರದು ಎಂಬ ವಿವೇಕ ಆಕೆಗಿತ್ತು. ಧರ್ಮಸಂಕಟದಿಂದ ಶುದ್ಧರಾಗಿ ಹೊರಬರುವ ದಾರಿ ಎಲ್ಲರಿಗೂ ದೊರೆಯದು. ಸರಿಯೆಂದು ಕಂಡುದನ್ನು ಮಾಡಿ, ನೊಂದವರ ಕ್ಷಮೆಯನ್ನು ಬೇಡುವ ದಾರಿಯಾದರೂ ನಮಗೆಲ್ಲ ತೆರೆದಿದೆ.