ಬೂದಿಬಣ್ಣದ ಕಣ್ಣು

ಬೂದು, ಮಾಸಲು ನೇರಳೆ, ಕೆಂಪು ಸುಳಿಯದ ಕಂದು: ಇಂಥ ತಣ್ಣನೆಯ ಛಾಯೆಗಳ ಐಶ್ಯಾಡೋ ಪ್ಯಾಲೆಟ್‌ಗೆ 'ನ್ಯೂಟ್ರಲ್' ಎಂಬ ಹೆಸರಿದೆ. ಹಚ್ಚಿದ್ದು ಎದ್ದು ಕಾಣದು, ಆದ್ದರಿಂದ ಸಹಜ ಎಂಬುದು ಅದರ ಭರವಸೆ. ಕಾಣದ ಬಣ್ಣ ಕಾಣುವ ಬಣ್ಣಕ್ಕಿಂತ ಹೆಚ್ಚು ಸತ್ಯವೇ? ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಲ್ಲಿ ಇದು ಧರ್ಮದ ಪ್ರಶ್ನೆಯೂ ಹೌದು. ಅಲ್ಲಿ ಮಠವೇ ರಂಗಭೂಮಿಯನ್ನು ಪೊರೆದಿದೆ. ಮಠದ ಪಂಡಿತಾರಾಧ್ಯ ಶಿವಾಚಾರ್ಯರು 1997ರಲ್ಲಿ ಕಟ್ಟಿದ ಶಿವಸಂಚಾರ ನಾಟಕ ತಂಡದ ನಟರು ಶರಣರ ಪಾತ್ರಕ್ಕೆ ಹಣೆಗೆ ವಿಭೂತಿ ಧರಿಸುತ್ತಾರೆ, ಮುಖಕ್ಕೆ ಬಣ್ಣವನ್ನೂ ಹಚ್ಚುತ್ತಾರೆ.

ಅಂತರಂಗದ ಶುದ್ಧಿಯನ್ನು ಸಾರಿದವರ ನೆಲೆಯಲ್ಲಿ ಬಣ್ಣವೇಕೆ ಎಂದು ಕೇಳಬಹುದು. ಆಕ್ಷೇಪ ಹಗುರವಾದದ್ದಲ್ಲ. ಆದರೆ ವೇಷ ಕಟ್ಟುವುದನ್ನೇ ಕಾಯಕ ಮಾಡಿಕೊಂಡ ಬಹುರೂಪಿ ಚೌಡಯ್ಯ ಹನ್ನೆರಡನೆಯ ಶತಮಾನದ ವಚನಕಾರರಲ್ಲೊಬ್ಬ. ಶರಣರು ಅವನಿಗೆ ವೇಷ ಕಳಚಿ ಬಾ ಎನ್ನಲಿಲ್ಲ. ವೇಷವೆಂದು ಒಪ್ಪಿಕೊಂಡ ವೇಷದಲ್ಲಿ ಮೋಸವಿಲ್ಲ. ಮೋಸ ಹುಟ್ಟುವುದು ಬಣ್ಣ ತನ್ನನ್ನು ಸಹಜವೆಂದು ಕರೆದುಕೊಂಡಾಗ. ತಿಳಿಗೆಂಪು ಚರ್ಮದ ಮೇಲೆ ನೆರಳಿನಂತೆ ಕೂರುವ ಆ ಪ್ಯಾಲೆಟ್‌ನ ಬೂದು, ನಮ್ಮ ಗೋಧಿ, ಎಣ್ಣೆಗೆಂಪು ಮೈಬಣ್ಣದ ಮೇಲೆ ಬಿಳಿಚಿಕೊಂಡು ಬೂದಿ ಮೆತ್ತಿದಂತೆ ಎದ್ದು ನಿಲ್ಲುತ್ತದೆ. ಪಕ್ಕದ ಬಣ್ಣ ಬದಲಾದರೆ ನೋಡುವ ಬಣ್ಣವೂ ಬದಲಾಗುತ್ತದೆಂದು ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಶೆವ್ರೂಲ್ 1839ರಲ್ಲೇ ವಿವರಿಸಿದ್ದ. ಹಾಗಿರುವಾಗ 'ನ್ಯೂಟ್ರಲ್' ಯಾರ ಚರ್ಮಕ್ಕೆ? ಇದು ಬರೀ ಅಭಿರುಚಿಯ ಮಾತು ಎನ್ನುವವರನ್ನು ನಾನು ಒಪ್ಪಲಾರೆ: ಒಂದು ಮೈಬಣ್ಣವನ್ನು ಅಳತೆಗೋಲಾಗಿಸಿದರೆ ಉಳಿದವು ಕೊರತೆಗಳಾಗುತ್ತವೆ. ವಿಭೂತಿಯೂ ಬೂದುಬಿಳುಪೇ, ಆದರೆ ಅದು ಯಾವ ಹಣೆಯಲ್ಲೂ ಅಡಗಲು ಯತ್ನಿಸುವುದಿಲ್ಲ.