ಬೀಗ ಯಾರಿಗೆ, ಅಭಯ ಯಾರದು

ಕಾಲೇಜು ಸೇರುವ ತಿಂಗಳು ಬಂತೆಂದರೆ ಬೆಂಗಳೂರು, ಮೈಸೂರು, ಧಾರವಾಡ, ಮಂಗಳೂರುಗಳಲ್ಲಿ ಕಾಲೇಜಿನ ಸುತ್ತಲಿನ ಕಂಬ, ಕಾಂಪೌಂಡುಗಳ ತುಂಬ ಪಿ.ಜಿ. ಚೀಟಿಗಳು. ಊಟ, ವೈಫೈ, ಬಿಸಿನೀರಿನ ಸಾಲಿನಲ್ಲೇ ‘ಸುರಕ್ಷಿತ’ ಎಂಬ ಮಾತೂ ಇರುತ್ತದೆ, ಅದೂ ಬಾಡಿಗೆಯೊಳಗೆ ಸೇರಿದ ಸೌಲಭ್ಯ ಎಂಬಂತೆ. ಮಗಳನ್ನು ಬಿಟ್ಟುಹೋಗಲು ಬಂದ ಹೆತ್ತವರು ಕ್ಯಾಮೆರಾ ಎಲ್ಲಿದೆ, ರಾತ್ರಿ ಎಷ್ಟಕ್ಕೆ ಗೇಟು ಹಾಕುತ್ತೀರಿ ಎಂದು ವಿಚಾರಿಸುತ್ತಾರೆ. ಮಗನನ್ನು ಬಿಡಲು ಬಂದವರು ಊಟ ಹೇಗೆ ಎಂದಷ್ಟೇ ಕೇಳಿ ಬಸ್ಸು ಹತ್ತುತ್ತಾರೆ. ಈ ಎರಡು ವಿಚಾರಣೆಗಳ ನಡುವೆ ಒಂದು ಧರ್ಮಪ್ರಶ್ನೆ ಅಡಗಿದೆ. ಒಬ್ಬರನ್ನು ಕಾಪಾಡುವುದೆಂದರೆ ಯಾರ ಕೈಕಾಲು ಕಟ್ಟುವುದು? ಅಪಾಯಕ್ಕೆ ಸಿಲುಕಬಹುದಾದವರದೋ, ಅಪಾಯ ತರಬಲ್ಲವರದೋ?

ಈ ಪ್ರಶ್ನೆಗೆ ಉತ್ತರ ಹುಡುಕಲು ಕನ್ನಡ ನಾಡಿನ ಜೈನ ಪರಂಪರೆ ಒಳ್ಳೆಯ ಜಾಗ. ಆಹಾರ, ಅಭಯ, ಔಷಧ, ಶಾಸ್ತ್ರ ಎಂದು ಅದು ನಾಲ್ಕು ದಾನಗಳನ್ನು ಹೇಳುತ್ತದೆ. ನಮ್ಮ ಶಾಸನಗಳು ದಾನಿಗಳನ್ನು ಹೊಗಳುವಾಗ ಈ ನಾಲ್ಕನ್ನೂ ಒಂದೇ ಉಸಿರಿನಲ್ಲಿ ಎಣಿಸುವುದುಂಟು. ಮನೆ ಬಿಟ್ಟು ಓದಲು ಬಂದ ಹುಡುಗನಿಗೋ ಹುಡುಗಿಗೋ ಬೇಕಾದ್ದೂ ಹೆಚ್ಚುಕಡಿಮೆ ಇಷ್ಟೇ. ಆದರೆ ನಾಲ್ಕರಲ್ಲಿ ಅಭಯದ ಜಾತಿಯೇ ಬೇರೆ. ಅನ್ನವನ್ನೋ ಮದ್ದನ್ನೋ ಕೊಟ್ಟರೆ ಕೊಟ್ಟವನ ಮನೆಯಿಂದ ಒಂದು ವಸ್ತು ಹೋಗುತ್ತದೆ. ಅಭಯ ಕೊಟ್ಟವನಿಂದ ಹೋಗುವುದು ಹೆದರಿಸುವ ಅವನ ಅಧಿಕಾರ. ಅಹಿಂಸೆಯ ವ್ರತ ತೊಟ್ಟವನು ಜೀವಿಗಳಿಗೆ ಅಭಯ ಕೊಡುತ್ತಾನೆ ಎಂದರೆ ಅವುಗಳ ಸುತ್ತ ಬೇಲಿ ಹಾಕುತ್ತಾನೆ ಎಂದಲ್ಲ, ತನ್ನ ಕೈಗೆ ತಾನೇ ಕಟ್ಟು ಹಾಕಿಕೊಳ್ಳುತ್ತಾನೆ ಎಂದು. ದೇವರ ಮೂರ್ತಿಗಳ ಅಭಯಹಸ್ತವನ್ನು ನೋಡಿ: ಅಂಗೈ ಬಿಚ್ಚಿದೆ, ಅದರಲ್ಲಿ ಆಯುಧವಿಲ್ಲ. ಅಭಯದ ಹೊಣೆ ಬಲವುಳ್ಳವನ ಹೆಗಲ ಮೇಲಿದೆ. ನಮ್ಮ ಇಂದಿನ ಸುರಕ್ಷತೆ ಈ ಹೊಣೆಯನ್ನು ತಲೆಕೆಳಗು ಮಾಡಿಕೊಂಡಿದೆ ಎಂಬುದೇ ನನ್ನ ತಕರಾರು.

2015ರಲ್ಲಿ ಯುಜಿಸಿ ಕ್ಯಾಂಪಸ್ಸಿನ ಒಳಗೂ ಹೊರಗೂ ವಿದ್ಯಾರ್ಥಿಗಳ ಸುರಕ್ಷತೆಗೆಂದು ಮಾರ್ಗಸೂಚಿ ಹೊರಡಿಸಿತು. ಎತ್ತರದ ಗೋಡೆ, ಬಯೋಮೆಟ್ರಿಕ್ ಹಾಜರಿ ಅದರಲ್ಲಿದ್ದವು. ಅದೇ ವರ್ಷ ದೆಹಲಿಯ ವಿದ್ಯಾರ್ಥಿನಿಯರು ಹಾಸ್ಟೆಲಿನ ಗಡುವುಗಳ ವಿರುದ್ಧ ‘ಪಿಂಜ್ರಾ ತೋಡ್’ ಎಂದು, ಅಂದರೆ ಪಂಜರ ಮುರಿಯಿರಿ ಎಂದು, ಬೀದಿಗಿಳಿದರು. 2022ರಲ್ಲಿ ಕೋಯಿಕ್ಕೋಡ್ ವೈದ್ಯಕೀಯ ಕಾಲೇಜಿನ ಹುಡುಗಿಯರು ರಾತ್ರಿ ಒಂಬತ್ತೂವರೆಯ ಗಡುವನ್ನು ಪ್ರಶ್ನಿಸಿದಾಗ ಕೇರಳ ಹೈಕೋರ್ಟು, ತೊಂದರೆ ಕೊಡುವವರು ಗಂಡಸರಾದರೆ ಕೂಡಿಹಾಕಬೇಕಾದ್ದು ಯಾರನ್ನು ಎಂಬರ್ಥದ ಮಾತಾಡಿತು. ಅಭಯದ ತರ್ಕವೂ ಇದೇ. ಅಂಕಿ ಅಂಶವೂ ಬೀಗದ ಕಡೆಗಿಲ್ಲ: ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ ವರದಿಗಳಲ್ಲಿ ವರ್ಷ ವರ್ಷವೂ ಅತ್ಯಾಚಾರದ ಹತ್ತು ಪ್ರಕರಣಗಳಲ್ಲಿ ಒಂಬತ್ತಕ್ಕಿಂತ ಹೆಚ್ಚಿನವುಗಳಲ್ಲಿ ಆರೋಪಿ ಪರಿಚಿತನೇ. ಪರಿಚಿತನಿಗೆ ಬಾಗಿಲನ್ನು ಒಳಗಿನಿಂದಲೇ ತೆರೆಯುತ್ತಾರೆ. ಗೇಟು ತಡೆಯುವುದು ಲೈಬ್ರರಿಯಿಂದ ಹತ್ತು ನಿಮಿಷ ತಡವಾಗಿ ಬಂದವಳನ್ನು. ಅವಳು ಆ ಹೊತ್ತಿನಲ್ಲಿ ಬೀದಿಯಲ್ಲಿ ನಿಲ್ಲಬೇಕಾಗಿ ಬಂದರೆ, ಆ ಅಪಾಯವನ್ನು ಹುಟ್ಟಿಸಿದ್ದು ಗೇಟೇ.

ಬೀಗದ ಮಿತಿ ಬೆಂಗಳೂರಿಗೆ ಇನ್ನೂ ಚೆನ್ನಾಗಿ ಗೊತ್ತಿರಬೇಕು. 2012ರ ಆಗಸ್ಟಿನಲ್ಲಿ ಫೋನಿನ ಸಂದೇಶಗಳಲ್ಲಿ ಹರಡಿದ ವದಂತಿಗೆ ಬೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಜನ, ವಿದ್ಯಾರ್ಥಿಗಳೂ ಸೇರಿ, ಗುವಾಹಟಿಗೆ ಹೊರಟ ವಿಶೇಷ ರೈಲುಗಳನ್ನು ಹತ್ತಿದರು. ಅವರ ಕೋಣೆಗಳಿಗೂ ಚಿಲಕಗಳಿದ್ದವು. ‘ನಾವಿದ್ದೇವೆ, ಹೋಗಬೇಡಿ’ ಎಂಬ ನೆರೆಯವರ ಮಾತು ಮಾತ್ರ ರೈಲು ತಪ್ಪಿಸುವಷ್ಟು ಜೋರಾಗಿ ಅವರ ಕಿವಿಗೆ ಬೀಳಲಿಲ್ಲ.

ವ್ಯವಹಾರ ಬಲ್ಲವರು ಇಲ್ಲಿ ಅಡ್ಡ ಬರುತ್ತಾರೆ. ಬಲವುಳ್ಳವರು ಬದಲಾಗುವ ತನಕ ಬಾಗಿಲು ತೆರೆದಿಟ್ಟು ಕೂರಬೇಕೆ? ಬೇಡ. ಚಿಲಕ ಹಾಕಿಕೊಳ್ಳಲಿ, 112 ನೆನಪಿಟ್ಟುಕೊಳ್ಳಲಿ, ಬಾಡಿಗೆ ಕರಾರಿನ ಒಂದು ಪ್ರತಿಯನ್ನು ಮನೆಗೆ ಕಳಿಸಲಿ. ಅದು ಜಾಣತನ. ಜಾಣತನವನ್ನೇ ಧರ್ಮವೆಂದು ಕರೆದ ಕೂಡಲೇ ಎಡವಟ್ಟಾಗುತ್ತದೆ, ಏಕೆಂದರೆ ಆಮೇಲೆ ಏನಾದರೂ ಆದರೆ ‘ಅಷ್ಟು ಹೊತ್ತಿನಲ್ಲಿ ಅವಳಿಗೆ ಅಲ್ಲೇನು ಕೆಲಸ’ ಎಂಬ ಪ್ರಶ್ನೆ ಏಳುತ್ತದೆ, ಕೆಡುಕು ಮಾಡಿದವನು ಪ್ರಶ್ನೆಯಾಚೆ ಉಳಿದುಬಿಡುತ್ತಾನೆ. ಇನ್ನು ಕೆಲವು ಅಪಾಯಗಳ ಮುಂದೆ ವಿದ್ಯಾರ್ಥಿಯ ಜಾಣತನ ನಡೆಯುವುದೇ ಇಲ್ಲ. ಗಾಳಿಯಾಡದ ಬಚ್ಚಲಿನಲ್ಲಿ ಕೂರಿಸಿದ ಗ್ಯಾಸ್ ಗೀಸರ್ ಕಾರ್ಬನ್ ಮೊನಾಕ್ಸೈಡ್ ಬಿಡುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಸ್ನಾನಕ್ಕೆ ಹೋದವರು ತಲೆ ಸುತ್ತಿ ಬೀಳುವ ತನಕ ಸುಳಿವು ಸಿಗದೆ ಹೋಗಬಹುದು. ಗೋಡೆಗೊಂದು ಕಿಂಡಿ ಕೊರೆಸಬೇಕಾದವನು ಮಾಲೀಕ. 2024ರಲ್ಲಿ ಕೋರಮಂಗಲದ ಪಿ.ಜಿ.ಯೊಂದರೊಳಗೇ ಯುವತಿಯೊಬ್ಬಳ ಕೊಲೆಯಾದ ಮೇಲೆ ಬೆಂಗಳೂರಿನ ಪಾಲಿಕೆ ಪಿ.ಜಿ.ಗಳಿಗೆ ನಿಯಮ ತಂದಿತು: ತಲೆಗೆ ಕನಿಷ್ಠ 70 ಚದರಡಿ ಜಾಗ, ದಿನಕ್ಕೆ 135 ಲೀಟರ್ ನೀರು, ಕ್ಯಾಮೆರಾ ದೃಶ್ಯಗಳನ್ನು 90 ದಿನ ಕಾಪಿಡುವುದು. ಹೊಣೆಯನ್ನು ಮಾಲೀಕನ ಕಡೆ ಸರಿಸಿದ್ದರಿಂದ ಇದು ಸರಿದಾರಿಯೇ. ಆದರೂ ಕ್ಯಾಮೆರಾ ಆದದ್ದಕ್ಕೆ ಸಾಕ್ಷಿ ಹೇಳುತ್ತದೆ, ಅಷ್ಟೆ.

ಹಣ ಕೊಟ್ಟು ಇರುವ ಜಾಗದಲ್ಲಿ ದಾನದ ಮಾತೇಕೆ ಎನ್ನುವವರ ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಹಿಂದೆ ವಾರಾನ್ನದ ಹುಡುಗರು ವಾರದ ಒಂದೊಂದು ದಿನ ಒಂದೊಂದು ಮನೆಯಲ್ಲಿ ಉಂಡು ಓದುತ್ತಿದ್ದರು. ಹುಡುಗ ಒಂದು ದಿನ ಬಾರದಿದ್ದರೆ ಏನಾಯಿತೆಂದು ವಿಚಾರಿಸಲು ಆ ದಿನದ ಮನೆಯೊಂದಿರುತ್ತಿತ್ತು. ಆ ಕಾಲವನ್ನು ನೆನೆದು ಕಣ್ಣು ಒದ್ದೆ ಮಾಡಿಕೊಳ್ಳುವುದು ಬೇಡ. ಆ ಪಂಕ್ತಿಗೆ ಜಾತಿಯ ಅಳತೆಯಿತ್ತು, ಹೊರಗುಳಿದವರ ಹಸಿವಿಗೆ ಲೆಕ್ಕವಿರಲಿಲ್ಲ. ಇಂದಿಗೂ ಕೋಣೆ ತೋರಿಸುವ ಮುನ್ನ ‘ನೀವು ಯಾವ ಜನ’ ಎಂದು ಕೇಳುವ ಮನೆಗಳಿವೆ. ದಾನಕ್ಕೆ ದಯೆ ಬೇಕು, ದಯೆಗೆ ನಮ್ಮವರು ಬೇಕು ಎಂಬುದಾದರೆ ಬಾಡಿಗೆಯ ಕರಾರೇ ಮೇಲು, ಅದು ಜಾತಿ ನೋಡದೆ ಎಲ್ಲರಿಂದಲೂ ಒಂದೇ ಮೊತ್ತ ಕೇಳಬಲ್ಲದು. ಇಷ್ಟನ್ನು ಒಪ್ಪಿಯೂ ಹೇಳುತ್ತೇನೆ: ಹಣ ಕೋಣೆಯನ್ನು ಕೊಳ್ಳುತ್ತದೆ, ಕೀಲಿಯ ಇನ್ನೊಂದು ಪ್ರತಿ ಮಾಲೀಕನ ಬಳಿಯೇ ಉಳಿಯುತ್ತದೆ. ಅಡ್ವಾನ್ಸೂ ಅವನ ಬಳಿಯಿದೆ, ನಾಳೆಯೇ ಖಾಲಿ ಮಾಡು ಎನ್ನುವ ಬಾಯಿಯೂ ಅವನದೇ. ಬಾಡಿಗೆ ಎಣಿಸಿಕೊಂಡ ಮೇಲೂ ಕೈಯಲ್ಲಿ ಉಳಿಯುವ ಈ ಬಲವನ್ನು ಬಳಸದಿರುವುದೇ ಅಭಯ. ಅದು ಪರಿಚಿತರಿಗಷ್ಟೇ ಸಲ್ಲುವುದಲ್ಲ. ಜೈನರು ಅದನ್ನು ಇರುವೆಯವರೆಗೂ ಚಾಚಿದರು.

ಹೀಗೆಂದ ಮೇಲೆ ವಿದ್ಯಾರ್ಥಿ ಬರೀ ಪಡೆಯುವವನಾಗಿ ಉಳಿಯುವುದಿಲ್ಲ. ಯುಜಿಸಿಯ 2009ರ ರ‍್ಯಾಗಿಂಗ್ ವಿರೋಧಿ ನಿಯಮ ಕ್ಯಾಂಪಸ್ಸಿನ ಹೊರಗಿನ ಜಾಗಗಳಿಗೂ ಅನ್ವಯಿಸುತ್ತದೆ. ವಾರ್ಡನ್ ಕಣ್ಣಿಗೆ ಬೀಳದೆ ಕಿರಿಯರನ್ನು ಕರೆಸಿಕೊಳ್ಳಲು ಹಿರಿಯರ ಬಾಡಿಗೆ ಕೋಣೆಗಿಂತ ಅನುಕೂಲದ ಜಾಗ ಇಲ್ಲವಷ್ಟೆ. ಮಾಲೀಕನಿಗೆ, ಬೀದಿಗೆ, ಊರಿಗೆ ಅಳುಕಿಕೊಂಡು ಬದುಕುವ ಅದೇ ಇಪ್ಪತ್ತರ ಹುಡುಗ, ಮೊದಲ ವರ್ಷದವನೊಬ್ಬ ಒಳಗೆ ಬಂದ ಮೇಲೆ ಎದ್ದುಹೋಗಿ ಚಿಲಕ ಹಾಕುತ್ತಾನೆ.