ಬಾಡಿಗೆ ಮನೆ ಮತ್ತು ನಾಲ್ಕನೆಯ ಶೀಲ



ಧಮ್ಮ ಬಂಧುಗಳೇ, ಇಂದಿನ ಚಿಂತನ ನಾಲ್ಕನೆಯ ಶೀಲದ ಬಗ್ಗೆ. ಸುಳ್ಳು ಹೇಳುವುದಿಲ್ಲ ಎಂದು ನಾವು ವಂದನೆಯಲ್ಲಿ ಪ್ರತಿ ಸಲ ಹೇಳುತ್ತೇವೆ. ಈ ಮಾತಿಗೆ ದೊಡ್ಡ ಪರೀಕ್ಷೆ ಬರುವುದು ಬಾಡಿಗೆ ಮನೆ ಹುಡುಕಲು ಹೋದಾಗ.

ಮನೆ ಬದಲಿಸುವುದು ನಮ್ಮ ಜಿಲ್ಲೆಗೆ ಹೊಸದಲ್ಲ. ಆಲಮಟ್ಟಿ ಹಿನ್ನೀರು ಬಂತೆಂದು ಹಳೆ ಬಾಗಲಕೋಟೆಯ ಓಣಿ ಓಣಿಗಳೇ ಗಂಟುಮೂಟೆ ಕಟ್ಟಿಕೊಂಡು ನವನಗರಕ್ಕೆ ಬಂದವು. ನೀರಿನ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸುವ ಯೋಜನೆಯಿಂದ ಇನ್ನೂ ಎಷ್ಟೋ ಹಳ್ಳಿಗಳ ಮಂದಿ ಊರು ಬಿಡಬೇಕಾಗುತ್ತದೆ. ಇದಲ್ಲದೆ ಬಾದಾಮಿ, ಹುನಗುಂದ, ಇಳಕಲ್ಲ ಕಡೆಯಿಂದ ನೌಕರಿಗೆ, ಮಕ್ಕಳ ಕಾಲೇಜಿಗೆ ಎಂದು ಬರುವವರು ಪ್ರತಿ ವರ್ಷ ಇದ್ದಾರೆ.

ಮನೆ ಬದಲಿಸುವ ದಿನದ ಮಜಾ ಎಲ್ಲರಿಗೂ ಗೊತ್ತು. ಯಜಮಾನರು ಒಂದೇ ಟ್ರಿಪ್ಪು ಸಾಕು ಅಂದಿರುತ್ತಾರೆ, ಮೂರು ಆಗುತ್ತದೆ. ಇಪ್ಪತ್ತು ವರ್ಷದಿಂದ ಯಾರೂ ಮುಟ್ಟದ ಬೀಸುಕಲ್ಲನ್ನು ಬಿಟ್ಟರೆ ನಾನೂ ಬರುವುದಿಲ್ಲ ಎಂದು ಅಜ್ಜಿ ಕುಳಿತಿರುತ್ತಾಳೆ. ಜೋಳದ ಚೀಲ, ಸಿಲಿಂಡರು, ಟ್ರಂಕು, ಕೌದಿ ಗಂಟು ಎಲ್ಲ ಏರಿದ ಮೇಲೆ ಮನುಷ್ಯರಿಗೆ ಗಾಡಿಯಲ್ಲಿ ಜಾಗ ಇರುವುದಿಲ್ಲ. ರಾತ್ರಿ ಹೊಸ ಮನೆಯಲ್ಲಿ ರೊಟ್ಟಿ ಹಂಚು ಸಿಗುತ್ತದೆ, ಕಡ್ಡಿಪೆಟ್ಟಿಗೆ ಸಿಗುವುದಿಲ್ಲ. 22 ಪ್ರತಿಜ್ಞೆ ತೆಗೆದುಕೊಂಡ ನಮಗೆ ಒಂದು ಲಾಭವೂ ಇದೆ. ಆಷಾಢದಲ್ಲಿ ಬೇರೆಯವರು ಮನೆ ಬದಲಿಸುವುದಿಲ್ಲ, ಆದ್ದರಿಂದ ಗಾಡಿಯವರು ಖಾಲಿ ಇರುತ್ತಾರೆ!

ಆದರೆ ಗಾಡಿ ಕರೆಯುವುದಕ್ಕಿಂತ ಮೊದಲು ಒಂದು ಬಾಗಿಲು ದಾಟಬೇಕು. ಮಾಲೀಕರು ಮನೆ ತೋರಿಸುತ್ತಾರೆ, ಚಹಾ ಕೊಡುತ್ತಾರೆ. ಆಮೇಲೆ ಮೆಲ್ಲಗೆ, "ನಿಮ್ಮ ಅಡ್ಡಹೆಸರು ಏನ್ರಿ?" ಹೇಳಿದ ಹೆಸರಿನಿಂದ ಗೊತ್ತಾಗದಿದ್ದರೆ, "ಊರು ಯಾವುದ್ರಿ?" ಊರೂ ಸಾಲದಿದ್ದರೆ, "ಅಲ್ಲೆ ಯಾವ ಓಣ್ಯಾಗ ಬರ್ತದರಿ ನಿಮ್ಮ ಮನಿ?" ಪೊಲೀಸರೂ ಇಷ್ಟು ಚಂದ ತನಿಖೆ ಮಾಡುವುದಿಲ್ಲ. ಉತ್ತರ ಸಿಕ್ಕ ಮೇಲೆ, "ನಮ್ಮ ತಮ್ಮ ಬರಾವ ಇದಾನ್ರಿ, ಅವಂಗ ಬೇಕಾಗೇತಿ" ಎನ್ನುತ್ತಾರೆ. ನವನಗರದ ಸೆಕ್ಟರುಗಳಿಗೆ ಬರೀ ನಂಬರು ಇದೆ. ಹಳೆ ಓಣಿಯ ಹೆಸರು ಮಾತ್ರ ಮಂದಿಯ ಬಾಯಲ್ಲಿ ಕುಳಿತು ಜೊತೆಗೇ ಬಂದಿದೆ.

ಆಗ ನಾವೇನು ಹೇಳಬೇಕು? ಹೆಂಡತಿ, ಮಕ್ಕಳು ಕಾಯುತ್ತಿದ್ದಾರೆ. ಇದ್ದ ಮನೆ ಬಿಡುವ ದಿನ ಹತ್ತಿರ ಬಂದಿದೆ. ನಿಜ ಹೇಳಿದರೆ ಮನೆ ಇಲ್ಲ, ಸುಳ್ಳು ಹೇಳಿದರೆ ಶೀಲ ಇಲ್ಲ.

ಇದೇ ಇಕ್ಕಟ್ಟಿಗೆ ಬಾಬಾಸಾಹೇಬರೂ ಸಿಕ್ಕಿದ್ದರು. ವಿದೇಶದಲ್ಲಿ ಓದಿ ಬಂದು 1917ರಲ್ಲಿ ಬರೋಡಾ ಸಂಸ್ಥಾನದ ನೌಕರಿಗೆ ಹೋದಾಗ ಅವರಿಗೆ ಉಳಿಯಲು ಜಾಗವಿರಲಿಲ್ಲ. ಪಾರ್ಸಿಗಳ ವಸತಿಗೃಹಕ್ಕೆ ಹೋದರು. ತಾನು ಪಾರ್ಸಿ ಅಲ್ಲ, ಹಿಂದೂ ಎಂದು ಅಲ್ಲಿಯ ಮೇಲ್ವಿಚಾರಕನಿಗೆ ಹೇಳಿದರು. ಅವನು ಮೊದಲು ಒಪ್ಪಲಿಲ್ಲ. ಆದರೆ ಅವನಿಗೂ ಗಳಿಕೆ ಬೇಕಿತ್ತು. ಕೊನೆಗೆ ಪುಸ್ತಕದಲ್ಲಿ ಪಾರ್ಸಿ ಹೆಸರು ಬರೆಯುವುದೆಂದು ಇಬ್ಬರೂ ಒಪ್ಪಿದರು. ಹನ್ನೊಂದನೆಯ ದಿನ ಸುಮಾರು ಹನ್ನೆರಡು ಜನ ಪಾರ್ಸಿಗಳು ಕೋಲು ಹಿಡಿದು ಬಂದು, ಸಂಜೆಯೊಳಗೆ ಖಾಲಿ ಮಾಡಬೇಕು ಎಂದರು. ಒಬ್ಬ ಹಿಂದೂ ಗೆಳೆಯನನ್ನು, ಒಬ್ಬ ಕ್ರೈಸ್ತ ಗೆಳೆಯನನ್ನು ಕೇಳಿದರು. ಒಬ್ಬ ಮನೆಯ ಆಳುಗಳ ನೆಪ ಹೇಳಿದ, ಇನ್ನೊಬ್ಬ ಹೆಂಡತಿಯನ್ನು ಕೇಳಬೇಕು ಅಂದ. ಕೊನೆಗೆ ಊರಿನ ಉದ್ಯಾನದಲ್ಲಿ ಕುಳಿತು ಕಾಲ ಕಳೆದು, ರಾತ್ರಿಯ ರೈಲಿಗೆ ಮುಂಬಯಿಗೆ ಹೊರಟರು. ಇದನ್ನೆಲ್ಲ ಅವರೇ 'ವೇಟಿಂಗ್ ಫಾರ್ ಎ ವೀಸಾ' ಎಂಬ ಬರಹದಲ್ಲಿ ಬರೆದಿದ್ದಾರೆ. ಬೇರೆ ಹೆಸರಿನಲ್ಲಿ ಉಳಿದದ್ದನ್ನೂ ಮುಚ್ಚಿಟ್ಟಿಲ್ಲ.

ಈ ಘಟನೆಯಿಂದ ಮೂರು ಮಾತು ತಿಳಿಯಬೇಕು. ಒಂದು, ಎದುರಿಗಿದ್ದ ಮೇಲ್ವಿಚಾರಕನಿಗೆ ಅವರು ತಾನು ಪಾರ್ಸಿ ಎಂದು ನಂಬಿಸಲಿಲ್ಲ. ಸುಳ್ಳನ್ನು ಬೇಡಿದ್ದು ಆ ಮನೆಯ ನಿಯಮ. ಎರಡು, ಆ ಸುಳ್ಳು ಅವರನ್ನು ಕಾಪಾಡಲಿಲ್ಲ. ಬಚ್ಚಿಟ್ಟುಕೊಂಡ ಮನೆಯಲ್ಲಿ ಹನ್ನೊಂದನೆಯ ದಿನ ಯಾವಾಗ ಬರುತ್ತದೋ ಎಂದು ದಿನಾಲೂ ಹೆದರಬೇಕು. ಮೂರು, ಆ ಇಬ್ಬರು ಗೆಳೆಯರು ಕೋಲು ಹಿಡಿಯಲಿಲ್ಲ, ಬೈಯಲಿಲ್ಲ. ಸಭ್ಯರಾಗಿಯೇ ಮಾತಾಡಿದರು. ಆದರೂ ಮನುಷ್ಯ ಬೀದಿಗೆ ಬಿದ್ದ. ಕರುಣೆ ಇಲ್ಲದ ಸಭ್ಯತೆಯಿಂದ ಯಾರಿಗೂ ಸೂರು ಸಿಗುವುದಿಲ್ಲ.

ಹಾಗಾದರೆ ಬುದ್ಧರ ದಾರಿ ಯಾವುದು? ಎಲ್ಲ ಪ್ರಶ್ನೆಗೂ ಒಂದೇ ರೀತಿ ಉತ್ತರ ಕೊಡಬೇಕೆಂದು ಅವರು ಹೇಳಲಿಲ್ಲ. ಅಂಗುತ್ತರ ನಿಕಾಯದಲ್ಲಿ ಪ್ರಶ್ನೆಗಳನ್ನು ನಾಲ್ಕು ಬಗೆ ಮಾಡಿದ್ದಾರೆ. ನೇರವಾಗಿ ಉತ್ತರಿಸುವಂಥವು, ಬಿಡಿಸಿ ಉತ್ತರಿಸುವಂಥವು, ಮರುಪ್ರಶ್ನೆ ಹಾಕುವಂಥವು, ಬದಿಗೆ ಇಡುವಂಥವು. "ಯಾವ ಮಂದಿ?" ಎಂಬ ಪ್ರಶ್ನೆ ಹುಟ್ಟಿನಿಂದ ಮನುಷ್ಯ ಮೇಲು ಕೀಳು ಆಗುತ್ತಾನೆ ಎಂಬ ಸುಳ್ಳಿನ ಮೇಲೆ ನಿಂತಿದೆ. ಅದಕ್ಕೆ ಮರುಪ್ರಶ್ನೆ ಹಾಕಬಹುದು. "ಬಾಡಿಗಿ ಹೊತ್ತಿಗೆ ಕೊಡ್ತೇನೋ ಇಲ್ಲೋ ಅಂತ ಹಿಂದಿನ ಮಾಲೀಕರನ್ನ ಕೇಳ್ರಿ. ಜಾತಿ ಯಾಕ ಬೇಕ್ರಿ ಅಣ್ಣಾರ?" ಇದು ಸುಳ್ಳಲ್ಲ. ಸುಮ್ಮನಿರುವುದೂ ಸುಳ್ಳಲ್ಲ.

"ನಾವು ಬೌದ್ಧರು" ಎನ್ನುವುದು ಸತ್ಯವೇ. ಆದರೆ ಅಲ್ಲಿ ಒಂದು ಜಾರುವ ಜಾಗ ಇದೆ. ಅವರು, "ಹೌದಾ, ಅಂದ್ರ ಜೈನರಿದ್ದಂಗ ಏನ್ರಿ?" ಅನ್ನುತ್ತಾರೆ. ನಾವು "ಹೂಂ ಹೂಂ" ಅಂದುಬಿಟ್ಟರೆ ಧಮ್ಮವನ್ನೇ ಪರದೆ ಮಾಡಿಕೊಂಡ ಹಾಗಾಯಿತು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಧಮ್ಮ ಕೊಟ್ಟದ್ದು ತಲೆ ಎತ್ತಿ ನಿಲ್ಲಲಿ ಎಂದು, ಅದರ ಹಿಂದೆ ಅಡಗಲಿ ಎಂದಲ್ಲ.

ಯಾವುದು ಜಾಣತನ, ಯಾವುದು ನಾಚಿಕೆ ಎಂದು ಹೇಗೆ ತಿಳಿಯುವುದು? ಸಾಮಾನು ಇಳಿಸುವಾಗ ನೋಡಿಕೊಳ್ಳಿ. ಬಾಬಾಸಾಹೇಬರ ಫೋಟೋವನ್ನು ಕೌದಿಯಲ್ಲಿ ಸುತ್ತಿರುತ್ತೇವೆ. ಗಾಜು ಒಡೆಯದಿರಲಿ ಎಂದು ಸುತ್ತಿದೆವೋ, ಪಕ್ಕದ ಮನೆಯವರು ನೋಡದಿರಲಿ ಎಂದು ಸುತ್ತಿದೆವೋ? ಎರಡಕ್ಕೂ ಕೌದಿ ಅದೇ, ಗಂಟೂ ಅದೇ. ವ್ಯತ್ಯಾಸ ಕಟ್ಟಿದವರ ಮನಸ್ಸಿಗೆ ಮಾತ್ರ ಗೊತ್ತು. ಬುದ್ಧರು ಕರ್ಮವನ್ನು ಅಳೆಯುವುದು ಈ ಚೇತನದಿಂದಲೇ. ಎರಡನೆಯ ಪರೀಕ್ಷೆಯೂ ಇದೆ. ಆರು ತಿಂಗಳಾದ ಮೇಲೆ ಆ ಫೋಟೋ ಎಲ್ಲಿದೆ, ಗೋಡೆಯ ಮೇಲೋ, ಟ್ರಂಕಿನ ತಳದಲ್ಲೋ?

ಒಂದು ಮಾತು ಸ್ಪಷ್ಟವಾಗಿರಲಿ. ರಾತ್ರಿ ಹೊತ್ತು ಕೂಸನ್ನು ಎತ್ತಿಕೊಂಡು ಸೂರು ಹುಡುಕುವ ತಾಯಿ ಜಾತಿ ಮುಚ್ಚಿಟ್ಟಳೆಂದು ಯಾರೂ ಅವಳಿಗೆ ಶೀಲದ ಪಾಠ ಹೇಳಬೇಡಿ. ಅಲ್ಲಿ ಲೆಕ್ಕ ಕೊಡಬೇಕಾದವರು ಕೇಳಿದವರು. 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯ 4ನೇ ಕಲಮಿನ ಪ್ರಕಾರ, ಯಾವುದೇ ಊರು, ಬಡಾವಣೆಯಲ್ಲಿ ಮನೆ ಕಟ್ಟಲು, ಕೊಳ್ಳಲು, ವಾಸಿಸಲು ಅಸ್ಪೃಶ್ಯತೆಯ ಕಾರಣಕ್ಕೆ ಅಡ್ಡಿ ಮಾಡುವುದು ಅಪರಾಧ. ಆದರೆ "ನಮ್ಮ ತಮ್ಮ ಬರಾವ ಇದಾನ" ಎಂಬ ಮಾತನ್ನು ಕೋರ್ಟಿನಲ್ಲಿ ಹಿಡಿಯುವುದು ಕಷ್ಟ. ಅದಕ್ಕೇ ನಮಗೆ ಕಾಯ್ದೆಯ ಜೊತೆ ಸಂಘವೂ ಬೇಕು. ಮನೆ ಹುಡುಕುವವರ ಜೊತೆ ಹೋಗುವವರು, ಖಾಲಿ ಮನೆ ಕಂಡರೆ ತಿಳಿಸುವವರು ಬೇಕು.

ಮಕ್ಕಳ ವಿಷಯಕ್ಕೆ ಬರೋಣ. "ಯಾರರ ಕೇಳಿದ್ರ ನಾವು ಯಾರಂತ ಹೇಳಬ್ಯಾಡವ್ವಾ" ಎಂದು ನಾವು ಹೇಳಿದಾಗ ಆ ಕೂಸು ಏನು ಕಲಿಯುತ್ತದೆ? ನಮ್ಮ ಹೆಸರಿನಲ್ಲೇ ಏನೋ ಹೊಲಸು ಇದೆ ಎಂದು ಕಲಿಯುತ್ತದೆ. ಬುದ್ಧರು ಸುಳ್ಳಿನ ಬಗ್ಗೆ ಮಗ ರಾಹುಲನಿಗೆ ಪಾತ್ರೆಯ ನೀರು ಚೆಲ್ಲಿ, ಪಾತ್ರೆಯನ್ನೇ ಬೋರಲು ಹಾಕಿ ಬುದ್ಧಿ ಹೇಳಿದರು. ಯಾವ ಕೆಲಸಕ್ಕೂ ಮುಂಚೆ, ಮಾಡುವಾಗ, ಮಾಡಿದ ಮೇಲೆ, ಇದರಿಂದ ನನಗೂ ಪರರಿಗೂ ಕೇಡಿದೆಯೇ ಎಂದು ನೋಡಿಕೋ ಎಂದರು. ಹೇಳದೆ ಇರಬೇಕಾದ ದಿನ ಬಂದರೂ ಮಕ್ಕಳಿಗೆ ಕಾರಣ ಹೇಳಿ. "ಅವರು ಕೇಳೂದು ತಪ್ಪು, ನಮ್ಮ ಹೆಸರು ತಪ್ಪಲ್ಲ."

ಕೊನೆಯದು ಎಲ್ಲಕ್ಕಿಂತ ಕಠಿಣ. ಈಗ ನಮ್ಮಲ್ಲೂ ಮನೆ ಕಟ್ಟಿದವರಿದ್ದಾರೆ, ಮೇಲಿನ ಮಹಡಿ ಬಾಡಿಗೆಗೆ ಕೊಡುವವರಿದ್ದಾರೆ. ಚಹಾ ಕೊಟ್ಟು, "ಅಡ್ಡಹೆಸರು ಏನ್ರಿ?" ಎಂದು ಕೇಳುವ ಸರದಿ ನಮ್ಮದಾಗಿದೆ. ಬಂದವರು ಮುಸ್ಲಿಮರಿರಬಹುದು, ಲಂಬಾಣಿಗಳಿರಬಹುದು, ಪರಿಶಿಷ್ಟರಲ್ಲೇ ನಮ್ಮದಲ್ಲದ ಇನ್ನೊಂದು ಜಾತಿಯವರಿರಬಹುದು. ಆಗ ನಮ್ಮ ತಮ್ಮನೂ ಊರಿಂದ ಬರುವವನಿರುತ್ತಾನೆಯೇ? ಜಾತಿ ಬಿಟ್ಟೆವೋ, ಬರೀ ಓಣಿ ಬಿಟ್ಟೆವೋ ಎಂಬುದು ಆ ಚಹಾದ ಹೊತ್ತಿನಲ್ಲಿ ಗೊತ್ತಾಗುತ್ತದೆ.

ಇಂದಿನ ಅಭ್ಯಾಸ: ಮನೆಯಲ್ಲಿ ಎಲ್ಲರೂ ಕುಳಿತು ಮಾತಾಡಿ. ಮುಂದಿನ ಸಲ ಮನೆ ಕೇಳಲು ಹೋದಾಗ ಏನು ಹೇಳುವುದು? ನಮ್ಮ ಮನೆ ಕೇಳಲು ಯಾರಾದರೂ ಬಂದಾಗ ಏನನ್ನು ಕೇಳದೆ ಇರುವುದು? ಎರಡೂ ಉತ್ತರ ಇವತ್ತೇ ತಯಾರಿರಲಿ.

ಭವತು ಸಬ್ಬ ಮಂಗಲಂ. ಜೈ ಭೀಮ್.